ಗೌಪ್ಯತೆಯ ಪುಟ ಓದಿದ ಒಬ್ಬನೇ ಗಿರಾಕಿ

ಹನಗೋಡಿನ ಸುಕನ್ಯಳಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು. ಅದಕ್ಕೆ ಕಾರಣವೂ ಇತ್ತೆನ್ನಿ. ಅತ್ತೆ ಚಿಕ್ಕಮಾದಮ್ಮ ಮನೆಮಂದಿಗಷ್ಟೇ ಎಂದು ಮಾಡುತ್ತಿದ್ದ ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಅವಳು ಪೊಟ್ಟಣಕ್ಕೆ ತುಂಬಿ, ಮೇಲೆ ಅತ್ತೆಯ ಫೋಟೊ ಅಂಟಿಸಿ, ಮೈಸೂರು ಬೆಂಗಳೂರಿನವರ ಅಡಿಗೆಮನೆಗೆ ದಾಟಿಸಿದ್ದಳು. ಗಂಡ ಕಾಂತರಾಜ್ ಬೆಳಿಗ್ಗೆ ಎದ್ದು ಗೂಡ್ಸ್ ಆಟೊದಲ್ಲಿ ಪಾರ್ಸೆಲ್‌ಗಳನ್ನು ಹುಣಸೂರಿನ ಕೊರಿಯರ್ ಆಫೀಸಿಗೆ ಹಾಕಿ ಬರುತ್ತಿದ್ದ. ಹುಣಸೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಸುಕನ್ಯಳ ಅಕ್ಕನ ಮಗ ಕಿರಣ್‌ಕುಮಾರ್ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅದರಲ್ಲಿ ಸುಕನ್ಯಳ ಫೋಟೊದ ಕೆಳಗೆ ‘ಸಂಸ್ಥಾಪಕಿ’ ಎಂದಿತ್ತು. ಆ ಪದವನ್ನು ಅವಳೇ ಹೇಳಿ ಹಾಕಿಸಿದ್ದು. ಆಗಾಗ ವೆಬ್‌ಸೈಟ್ ತೆರೆದು ಅದು ಅಲ್ಲೇ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದೂ ಇತ್ತು.

ಆ ವೆಬ್‌ಸೈಟಿಗೆ ಗೌಪ್ಯತೆಯ ಒಂದು ಪುಟ ಬೇಕೇ ಬೇಕು ಎಂದಿದ್ದ ಕಿರಣ. ಗಿರಾಕಿಗಳು ಆರ್ಡರ್ ಕೊಡುವಾಗ ಫೋನ್ ನಂಬರು, ಇಮೇಲ್ ವಿಳಾಸ ಎಲ್ಲ ಕೊಡುತ್ತಾರೆ. ಅದನ್ನು ಬೇರೆಯವರಿಗೆ ಕೊಡುವುದಿಲ್ಲ ಅಂತ ನಾವು ಮಾತು ಕೊಡಬೇಕು ಎಂದು ವಿವರಿಸಿದ್ದ. ಮಾತು ಕೊಡುವುದಕ್ಕೇನು ಕಷ್ಟ ಎಂದು ಸುಕನ್ಯ ಒಪ್ಪಿಕೊಂಡಳು. ಬರೆಯಲು ಕೂತಾಗ ಮಾತ್ರ ಎರಡು ಸಾಲಿಗೇ ಮಾತು ಮುಗಿದುಹೋಯಿತು. ಕೊನೆಗೆ ಯಾವುದೋ ಹಾಸಿಗೆ ಕಂಪನಿಯ ಪುಟವನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ, ಆ ಕಂಪನಿಯ ಹೆಸರಿದ್ದಲ್ಲೆಲ್ಲ ತನ್ನ ಹೆಸರು ಹಾಕಿ ಅಂಟಿಸಿಬಿಟ್ಟಳು. ನೋಡಲು ಬಹಳ ಗಂಭೀರವಾಗಿತ್ತು. ಅಷ್ಟು ಉದ್ದದ್ದನ್ನು ಕೂತು ಓದಲು ಅವಳಿಗೆ ಪುರಸೊತ್ತು ಇರಲಿಲ್ಲ.

ಪುರಸೊತ್ತು ಇದ್ದವರು ಒಬ್ಬರಿದ್ದರು. ಸಾಲಿಗ್ರಾಮದ ವೀರಭದ್ರಸ್ವಾಮಿ, ನಿವೃತ್ತ ಪೋಸ್ಟ್‌ಮಾಸ್ಟರು. ಮೊದಲ ಆರ್ಡರ್ ಕೊಡುವ ಮುಂಚೆ ಫೋನ್ ಮಾಡಿದ್ದರು.

“ನೋಡಿ ತಾಯಿ, ನಿಮ್ಮ ಪುಟ ಓದಿದೆ. ‘ನಿಮ್ಮ ಬೆನ್ನುನೋವು ಹಾಗೂ ಮಲಗುವ ಭಂಗಿಯ ಮಾಹಿತಿಯನ್ನು ಯಾರಿಗೂ ಮಾರುವುದಿಲ್ಲ’ ಅಂತ ಬರೆದಿದ್ದೀರಿ. ನನಗೆ ಬೆನ್ನುನೋವು ಇರೋದು ನಿಜ. ನಿಮಗೆ ಯಾರು ಹೇಳಿದರು?”

ಸುಕನ್ಯ ಏನೋ ಒಂದು ಹೇಳಿ ತಪ್ಪಿಸಿಕೊಂಡು, ಆ ಸಾಲನ್ನು ಅಂದೇ ತೆಗೆಸಿದಳು. ಮಿಕ್ಕ ಸಾಲುಗಳನ್ನು ಓದಬಹುದಿತ್ತು. ಓದಲಿಲ್ಲ.

ಯುಗಾದಿ ಬಂತು. ದೊಡ್ಡ ದೊಡ್ಡ ಕಂಪನಿಗಳೆಲ್ಲ ಹಬ್ಬಕ್ಕೆ ಶುಭಾಶಯ ಕಳಿಸುವಾಗ ತಾನು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಸಂಸ್ಥಾಪಕಿಗೆ ಅನ್ನಿಸಿತು. ಹುಡುಕಿದಾಗ ಒಂದು ಪುಕ್ಕಟೆ ಆ್ಯಪ್ ಸಿಕ್ಕಿತು. ಫೋನಿನಲ್ಲಿರುವವರಿಗೆಲ್ಲ ಒಂದೇ ಏಟಿಗೆ, ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಶುಭಾಶಯ ಕಳಿಸುತ್ತದಂತೆ. ಮಾವಿನ ತೋರಣ ತೂಗಾಡುತ್ತದೆ, ಬೇವುಬೆಲ್ಲದ ಬಟ್ಟಲು ತಿರುಗುತ್ತದೆ, ನಡುವೆ ನಮ್ಮ ಫೋಟೊ. ಗಿರಾಕಿಗಳ ಇಮೇಲ್ ವಿಳಾಸಗಳೆಲ್ಲ ಅವಳ ಫೋನಿನಲ್ಲೇ ಇದ್ದವು. ಆ್ಯಪ್ ಒಂದಾದ ಮೇಲೊಂದು ಅನುಮತಿ ಕೇಳಿತು. ತುಂಬಿದ ಬಸ್ಸಿನಲ್ಲಿ ಮುಂದಿನವರು ಕೊಟ್ಟ ಚಿಲ್ಲರೆಯನ್ನು ಹಿಂದಿನವರಿಗೆ ದಾಟಿಸುವಷ್ಟು ಸಲೀಸಾಗಿ ಅವಳು ಎಲ್ಲದಕ್ಕೂ ‘ಅನುಮತಿಸಿ’ ಎಂದು ಒತ್ತಿದಳು. ಶುಭಾಶಯ ಹೋಯಿತು. ಕೆಲವರು ಮೆಚ್ಚಿ ಉತ್ತರ ಬರೆದರು. ಕಾಂತರಾಜನಿಗೆ ಆ ಉತ್ತರಗಳನ್ನು ಓದಿ ಹೇಳಿದ್ದೂ ಆಯಿತು.

ಹಬ್ಬ ಕಳೆದು ಹೆಚ್ಚು ದಿನ ಆಗಿರಲಿಲ್ಲ. ಅತ್ತೆ ಬಾಣಲೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದಳು, ಸುಕನ್ಯ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಆಗ ವೀರಭದ್ರಸ್ವಾಮಿಯ ಫೋನು ಬಂತು.

“ತಾಯಿ, ನನ್ನ ಇಮೇಲ್ ವಿಳಾಸ ಎಷ್ಟಕ್ಕೆ ಮಾರಿದಿರಿ?”

“ಏನಂದ್ರಿ ಸಾರ್?”

“ಕೇಳಿಸಿಕೊಳ್ಳಿ. ನಾನು ಒಂದೊಂದು ಅಂಗಡಿಗೆ ಒಂದೊಂದು ಇಮೇಲ್ ವಿಳಾಸ ಇಟ್ಟುಕೊಂಡಿದ್ದೀನಿ. ಔಷಧಿ ಅಂಗಡಿಯವರಿಗೆ ಬೇರೆ, ಕರೆಂಟ್ ಬಿಲ್ಲಿಗೆ ಬೇರೆ. ನಿಮಗೆ ಅಂತಲೇ ‘ಹುಚ್ಚೆಳ್ಳು ವೀರಭದ್ರ’ ಅಂತ ಒಂದು ಮಾಡಿಸಿದ್ದೆ. ಅದು ನಿಮಗೊಬ್ಬರಿಗೇ ಗೊತ್ತಿದ್ದ ವಿಳಾಸ. ಈಗ ಅದಕ್ಕೆ ದಿನಾ ಕಾಗದ ಬರ್ತಾ ಇದೆ. ‘ಪ್ರಿಯ ಹುಚ್ಚೆಳ್ಳು ಅವರೇ, ನಿಮ್ಮ ಬೋಳುತಲೆಗೆ ಪರಿಹಾರ.’ ‘ಪ್ರಿಯ ಹುಚ್ಚೆಳ್ಳು ಅವರೇ, ನಿಮಗೆ ಸಾಲ ಮಂಜೂರಾಗಿದೆ.’ ನಿನ್ನೆ ಬಂದದ್ದು, ‘ಹುಚ್ಚೆಳ್ಳು ಅವರೇ, ನಿಮಗೆ ತಕ್ಕ ವಧು ನಿಮ್ಮ ಊರಿನಲ್ಲೇ ಇದ್ದಾಳೆ.’ ಅದನ್ನ ನನ್ನ ಹೆಂಡತಿ ಓದಿದಳು.”

ಸುಕನ್ಯಳಿಗೆ ನಗು ಬಂತು. ನಕ್ಕರೆ ಕೆಟ್ಟೆ ಎಂದು ಸಿಟ್ಟು ತಂದುಕೊಂಡಳು. “ನೋಡಿ ಸಾರ್, ನಾವು ಮರ್ಯಾದೆಯಾಗಿ ಬದುಕೋ ಜನ. ನಮ್ಮ ಪುಟದಲ್ಲೇ ಬರೆದೀವಿ, ಯಾರ್ದೂ ಮಾಹಿತಿ ಮಾರಲ್ಲ ಅಂತ.”

“ಬರೆದಿದ್ದೀರಿ. ಓದಿದ್ದೀನಿ. ಅದಕ್ಕೇ ಕೇಳ್ತಾ ಇರೋದು,” ಎಂದು ಅವರು ಫೋನ್ ಇಟ್ಟರು.

ಮೆಣಸಿನಕಾಯಿ ಬಿಡಿಸಿದ ಕೈಯಲ್ಲೇ ಸುಕನ್ಯ ಕಣ್ಣು ಒರೆಸಿಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಅಳುವುದಕ್ಕೆ ಬೇರೆ ಕಾರಣ ಬೇಕಾಗಲಿಲ್ಲ.

“ಯಾಕವ್ವ, ಏನಾಯ್ತು?” ಎಂದಳು ಚಿಕ್ಕಮಾದಮ್ಮ, ಹುರಿಯುವುದನ್ನು ನಿಲ್ಲಿಸದೆ.

“ನಾವು ಗಿರಾಕಿಗಳ ಅಡ್ರೆಸ್ ಮಾರ್ಕಂಡಿದ್ದೀವಂತೆ ಅತ್ತೆ.”

“ಅಡ್ರೆಸ್ಸಾ? ಅದ್ನ ಯಾರ್ ತಕ್ಕತಾರೆ? ತಕ್ಕಂಡು ಏನ್ ಮಾಡ್ತಾರೆ?”

 ಕೊಂಡವರು ಯಾರಾದರೂ ಇರಲಿ, ಮಾರಿದವರ ಬಗ್ಗೆ ಸುಕನ್ಯಳಿಗೆ ಅನುಮಾನಗಳಿದ್ದವು. ಪಾರ್ಸೆಲ್ ಮೇಲಿನ ಚೀಟಿ ಓದುವ ಕೊರಿಯರ್‌ನವನ ಮೇಲೆ ಮೊದಲು ಬಂತು. ಆಮೇಲೆ ಚೀಟಿ ಅಂಟಿಸುವ ಗಂಡನ ಮೇಲೂ ಒಂದು ಗಳಿಗೆ ಬಂದು ಹೋಯಿತು. ಕಾಂತರಾಜನಿಗೆ ಇಮೇಲ್ ತೆರೆಯಲೂ ಬರುವುದಿಲ್ಲವೆಂದು ನೆನಪಾಗಿ ಅವನನ್ನು ಬಿಟ್ಟುಬಿಟ್ಟಳು. ಕಂಪ್ಯೂಟರ್ ವಿಷಯ ಬಲ್ಲವನು ಬಳಗದಲ್ಲಿ ಒಬ್ಬನೇ, ಕಿರಣ. ಅಂಗಡಿಗೆ ಹೊಸ ಗಾಜಿನ ಬಾಗಿಲು ಬೇರೆ ಹಾಕಿಸಿದ್ದ. ದುಡ್ಡು ಎಲ್ಲಿಂದ ಬಂತು?

ಮಾರನೆಯ ದಿನ ಅವಳು ಗಂಡನ ಆಟೊದಲ್ಲೇ ಹುಣಸೂರಿಗೆ ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಅವರೆಲ್ಲ ಹೋಗುವವರೆಗೂ ಕಾಯಬಹುದಿತ್ತು. ಆದರೆ ಜೋಡಿಸಿಕೊಂಡ ಮಾತು ಆರಿಹೋಗುತ್ತದೆ ಎಂದು ಬಾಗಿಲಲ್ಲೇ ಶುರು ಮಾಡಿದಳು.

“ಲೇ ಕಿರಣ, ದುಡ್ಡು ಬೇಕಿದ್ರೆ ಬಾಯಿಬಿಟ್ಟು ಕೇಳ್ಬೇಕಾಗಿತ್ತು. ನನ್ನ ಗಿರಾಕಿಗಳ ಅಡ್ರೆಸ್ ಮಾರ್ಕಂಡು ಗಾಜಿನ ಬಾಗಿಲು ಹಾಕ್ಸೋ ಗತಿ ಏನ್ ಬಂದಿತ್ತೋ ನಿಂಗೆ?”

ಚಾರ್ಜರ್ ಕೊಳ್ಳಲು ಬಂದಿದ್ದವರು ಚಾರ್ಜರ್ ಮರೆತು ತಿರುಗಿ ನೋಡಿದರು. ಕಿರಣ್‌ಕುಮಾರ್ ಸ್ಟೂಲು ಎಳೆದು ಹಾಕಿದ. “ಚಿಕ್ಕಮ್ಮ, ಮೊದ್ಲು ಕೂತ್ಕೋ. ಫೋನ್ ಕೊಡು ಇತ್ಲಾಗೆ.”

ಅವನು ಅವಳ ಫೋನನ್ನು ಸ್ವಲ್ಪ ಹೊತ್ತು ಒತ್ತಿ ಒತ್ತಿ ನೋಡಿದ. “ಈ ಹಬ್ಬದ ಶುಭಾಶಯದ್ದು ಯಾರು ಹಾಕಿದ್ದು?”

“ನಾನೇ. ಎಷ್ಟು ಚೆನ್ನಾಗದೆ ಅಂದ್ರು ಎಲ್ರೂ.”

“ಇದ್ರ ಗೌಪ್ಯತೆ ಪುಟ ಓದಿದ್ಯಾ?”

“ಅದ್ನೆಲ್ಲ ಯಾರ್ ಓದ್ತಾರೋ?”

ಹಾಗೆಂದ ಮೇಲೆ ಅವಳಿಗೇ ಏನೋ ಚುಚ್ಚಿದ ಹಾಗಾಯಿತು. ಕಿರಣ ಆ ಪುಟ ತೆರೆದು ಓದಿ ಹೇಳಿದ. “ಮೊದ್ಲನೇ ಸಾಲು, ‘ನಿಮ್ಮ ಮಾಹಿತಿಯನ್ನು ನಾವು ಎಂದಿಗೂ ಮಾರುವುದಿಲ್ಲ.’”

“ನೋಡ್ದಾ? ಮಾರಲ್ಲ ಅಂದವ್ರೆ.”

“ತಡಿ, ಕೆಳಕ್ಕೆ ಬಾ. ಇನ್ನೂ ಕೆಳಕ್ಕೆ. ಇಲ್ಲಿ, ‘ಸೇವೆಯನ್ನು ಉತ್ತಮಪಡಿಸಲು ನಮ್ಮ ನಂಬಿಕೆಯ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು.’ ಮಾರಲ್ಲ, ಹಂಚ್ಕತಾರೆ.”

“ಯಾರು ಆ ಪಾಲುದಾರ್ರು?”

“ಅದನ್ನ ಬರೆದಿಲ್ಲ. ಆ ಪಾಲುದಾರ್ರಿಗೆ ಮತ್ತೆ ಪಾಲುದಾರ್ರು ಇರ್ತಾರೆ, ಅವ್ರಿಗೆ ಇನ್ನೊಬ್ರು. ಮಾತು ಕೊಟ್ಟೋರು ಮೊದಲನೆಯವ್ರು ಮಾತ್ರ. ಮಿಕ್ಕೋರು ನಿಂಗೇನೂ ಮಾತು ಕೊಟ್ಟಿಲ್ಲ ಚಿಕ್ಕಮ್ಮ.”

“ನಾನು ಒಬ್ಬಳು ಒತ್ತಿದ್ದಕ್ಕೆ ಅಷ್ಟೂ ಜನರ ಅಡ್ರೆಸ್ಸು ಹೋಯ್ತಾ?”

“ನಿನ್ನ ಫೋನಲ್ಲಿ ಇದ್ದೋರೆಲ್ಲರ ಪರವಾಗಿ ನೀನೇ ಹ್ಞೂಂ ಅಂದಿದ್ದೀಯ. ಅವ್ರು ನಿನ್ನ ನಂಬಿ ಕೊಟ್ರು. ನೀನು ತೋರಣ ನಂಬಿ ಕೊಟ್ಟೆ.”

ಅಂಗಡಿಯಲ್ಲಿದ್ದವರಲ್ಲಿ ಒಬ್ಬಾತ ಸದ್ದಿಲ್ಲದೆ ತನ್ನ ಫೋನ್ ತೆಗೆದು ಏನನ್ನೋ ಅಳಿಸತೊಡಗಿದ. ಸುಕನ್ಯ ಗಾಜಿನ ಬಾಗಿಲನ್ನು ನೋಡಿದಳು. ಅದರಲ್ಲಿ ಅವಳದೇ ಮುಖ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

“ಬಾಗಿಲು ಚೆನ್ನಾಗದೆ ಕಣೋ,” ಎಂದಳು. ಅವಳಿಗೆ ಬರುತ್ತಿದ್ದ ಕ್ಷಮಾಪಣೆ ಅಷ್ಟೇ.

“ಬುಡು ಚಿಕ್ಕಮ್ಮ,” ಎಂದ ಕಿರಣ. “ಗಿರಾಕಿಗಳಿಗೆ ವಿಷಯ ತಿಳಿಸಿದ್ರೆ ಒಳ್ಳೇದು. ನಾಳೆ ಸಾಯಂಕಾಲ ಬತ್ತೀನಿ, ಇಬ್ರೂ ಕೂತು ಬರೆದು ಕಳ್ಸಾನ. ಅಲ್ಲೀಗಂಟ ನೀನು ಏನೂ ಮುಟ್ಬೇಡ.”

ಮುಟ್ಟಬೇಡ ಎಂದದ್ದೇ ತಪ್ಪಾಯಿತು. ತಪ್ಪು ತನ್ನದು, ಕ್ಷಮೆ ಕೇಳುವವಳೂ ತಾನೇ ಆಗಬೇಕು. ಅದರಲ್ಲಿ ಮೊಬೈಲ್ ಅಂಗಡಿಯವನಿಗೇನು ಕೆಲಸ ಎಂದು ಮನೆಗೆ ಬಂದ ಸುಕನ್ಯಳಿಗೆ ಅನ್ನಿಸಿತು. ಮರುದಿನ ಬೆಳಿಗ್ಗೆಯೇ ತಿಂಡಿ ಮುಗಿಸಿ ಬರೆಯಲು ಕೂತಳು. ಈ ಸಲ ಯಾವ ಹಾಸಿಗೆ ಕಂಪನಿಯ ನೆರವೂ ಬೇಕಾಗಲಿಲ್ಲ. ಮಾತು ತಾನಾಗಿ ಬಂತು. “ಪ್ರಿಯ ಗ್ರಾಹಕ ಬಂಧುಗಳೇ, ನನ್ನ ಅಜಾಗರೂಕತೆಯಿಂದ ನಿಮ್ಮ ಇಮೇಲ್ ವಿಳಾಸಗಳು ಹೊರಗಿನವರ ಪಾಲಾಗಿವೆ. ಇದಕ್ಕೆ ನಾನೊಬ್ಬಳೇ ಹೊಣೆ. ಇನ್ನು ಮುಂದೆ ನಿಮ್ಮ ವಿಳಾಸಗಳನ್ನು ರೆಪ್ಪೆ ಕಣ್ಣನ್ನು ಕಾಯುವ ಹಾಗೆ ಕಾಯುತ್ತೇನೆ.” ತಾನೇ ಎರಡು ಸಲ ಓದಿಕೊಂಡಳು. ಅತ್ತೆಗೂ ಓದಿ ಹೇಳಿದಳು. “ಚೆಂದಾಗದೆ,” ಎಂದಳು ಚಿಕ್ಕಮಾದಮ್ಮ.

ಆಮೇಲೆ ಸುಕನ್ಯ ಎಲ್ಲ ಗಿರಾಕಿಗಳ ವಿಳಾಸಗಳನ್ನೂ ಒಂದರ ಪಕ್ಕ ಒಂದು ಜೋಡಿಸಿ ಪತ್ರದ ತಲೆಯ ಮೇಲೆ ಹಾಕಿ ಕಳಿಸಿಬಿಟ್ಟಳು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ಮಾಡಲು ಬೇರೆಯೇ ಒಂದು ಜಾಗವಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ವಿಳಾಸ ಸೋರಿದ್ದಕ್ಕೆ ಕ್ಷಮೆ ಕೇಳುವ ಪತ್ರದಲ್ಲೇ ಅಷ್ಟೂ ಗಿರಾಕಿಗಳಿಗೆ ಅಷ್ಟೂ ಗಿರಾಕಿಗಳ ವಿಳಾಸ ಸಿಕ್ಕಿತು.

ಮೊದಲ ಉತ್ತರ ಬೇಗನೆ ಬಂತು. ಮೈಸೂರಿನ ಒಬ್ಬ ಹೆಂಗಸು, “ದಯವಿಟ್ಟು ನನ್ನ ಹೆಸರು ತೆಗೆದುಹಾಕಿ” ಎಂದು ಬರೆದಿದ್ದಳು, ಎಲ್ಲರಿಗೂ. ಅದಕ್ಕೆ ಬೆಂಗಳೂರಿನ ಒಬ್ಬರು, “ಎಲ್ಲರಿಗೂ ಉತ್ತರಿಸಬೇಡಿ” ಎಂದು ಎಲ್ಲರಿಗೂ ಉತ್ತರಿಸಿದರು. ಅದು ಸರಿಯಾದ ಮಾತು ಎಂದು ಇನ್ನೊಂದಷ್ಟು ಜನ ಎಲ್ಲರಿಗೂ ತಿಳಿಸಿದರು. ಪಿರಿಯಾಪಟ್ಟಣದವರು ಒಬ್ಬರು ತಮ್ಮ ಹತ್ತಿರ ಮಾರಾಟಕ್ಕಿರುವ ಸೈಟುಗಳ ಫೋಟೊ ಹಾಕಿದರು. ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕುತ್ತೀರಾ ಎಂದು ಯಾರೋ ಕೇಳಿದರು. ಹಾಕುತ್ತಾರೆ, ಆದರೆ ಸಾಲದು ಎಂದು ಮತ್ಯಾರೋ ಉತ್ತರ ಕೊಟ್ಟರು. ಸುಕನ್ಯ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿ ಇಟ್ಟಳು. ಅದು ಅಲ್ಲೇ ಗುಂಯ್‌ಗುಡುತ್ತ ಡಬ್ಬದ ಅಂಚಿನ ಕಡೆ ಸರಿಯತೊಡಗಿತು.

ಮಧ್ಯಾಹ್ನದ ಹೊತ್ತಿಗೆ ವೀರಭದ್ರಸ್ವಾಮಿಯ ಉತ್ತರ ಬಂತು. ಅದೂ ಎಲ್ಲರಿಗೂ.

“ಮಾನ್ಯ ಸಂಸ್ಥಾಪಕಿಯವರೇ, ನೀವು ಮೊದಲು ನಮ್ಮ ವಿಳಾಸಗಳನ್ನು ಅಪರಿಚಿತರಿಗೆ ಕೊಟ್ಟಿರಿ. ಈಗ ನಮ್ಮನಮ್ಮಲ್ಲೇ ಹಂಚಿದ್ದೀರಿ. ಇದು ಪ್ರಗತಿಯೇ. ಆದರೆ ರೆಪ್ಪೆ ಇಷ್ಟು ಹೊತ್ತು ತೆರೆದೇ ಇದ್ದರೆ ಕಣ್ಣಿಗೆ ತೊಂದರೆ.”

ಸಾಯಂಕಾಲ ಬಂದ ಕಿರಣ್‌ಕುಮಾರ್ ಎಲ್ಲವನ್ನೂ ಓದಿದ. ಬೈಯಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಅವನು ಅಲ್ಲಿ ನಗುತ್ತಿದ್ದದ್ದು ಹಜಾರಕ್ಕೂ ಕೇಳಿಸುತ್ತಿತ್ತು.

ಎರಡು ದಿನ ಸುಕನ್ಯ ವೆಬ್‌ಸೈಟ್ ತೆರೆಯಲಿಲ್ಲ. ಮೂರನೆಯ ದಿನ, ಫೋನಿನಲ್ಲಿ ಬರೆದಷ್ಟೂ ಕೆಡುತ್ತದೆ, ಎದುರಿಗೆ ನಿಂತು ಬೈಸಿಕೊಂಡು ಬರುವುದೇ ಮೇಲು ಎಂದು ತೀರ್ಮಾನಿಸಿದಳು. ಪಾರ್ಸೆಲ್‌ಗೆ ಬರೆಯುತ್ತಿದ್ದ ವಿಳಾಸ ನೆನಪಿತ್ತು. ಹೊಸದಾಗಿ ಮಾಡಿದ್ದ ಚಟ್ನಿಪುಡಿಯ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಹುಣಸೂರಿಗೆ ಬಂದು, ಅಲ್ಲಿಂದ ಕೆ.ಆರ್. ನಗರಕ್ಕೆ, ಅಲ್ಲಿಂದ ಸಾಲಿಗ್ರಾಮಕ್ಕೆ ಬಸ್ಸು ಹತ್ತಿದಳು. ಕೂರಲು ಸೀಟು ಸಿಕ್ಕಿತ್ತು. ಆದರೂ ಅಪರಾಧಿ ನಿಂತುಕೊಂಡು ಹೋಗಬೇಕೇನೋ ಎಂಬ ಹಾಗೆ ಅಂಚಿನಲ್ಲೇ ಕೂತಿದ್ದಳು.

ಫೋನಿನ ದನಿ ಕೇಳಿ ಎತ್ತರದ, ಮೀಸೆಯ ಮನುಷ್ಯನನ್ನು ಅವಳು ಕಲ್ಪಿಸಿಕೊಂಡಿದ್ದಳು. ಬಾಗಿಲು ತೆರೆದವರು ಬನಿಯನ್ ತೊಟ್ಟ, ಸಣ್ಣ ದೇಹದ ಮುದುಕರು. ಸೊಂಟಕ್ಕೆ ಬೆನ್ನುನೋವಿನ ಪಟ್ಟಿ ಬಿಗಿದುಕೊಂಡಿದ್ದರು.

“ಸಾರ್, ನಾನು ಹನಗೋಡಿನ ಸುಕನ್ಯ. ಚಟ್ನಿಪುಡಿ.”

ಅವರ ಮುಖ ಕೆಂಪಾಗುವುದನ್ನು ಅವಳು ಕಾದಳು. ಅದರ ಬದಲು ಅವರು ಒಂದು ಹೆಜ್ಜೆ ಹಿಂದೆ ಸರಿದು, ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿದರು. “ಬಂದಿರಾ? ಕೂತ್ಕೊಳ್ಳಿ. ಆ ವಿಷಯ ಈಗ ಎತ್ತಬೇಡಿ.”

ಎತ್ತಿದ್ದು ಅವರ ಹೆಂಡತಿ. ಕಾಫಿ ಲೋಟ ಹಿಡಿದು ಬಂದ ಆಕೆ ಫೋಟೊದಲ್ಲಿ ನೋಡಿದ್ದ ಸುಕನ್ಯಳನ್ನು ಗುರುತು ಹಿಡಿದು ಪಕ್ಕದಲ್ಲೇ ಕೂತರು. “ನಿಮ್ಮ ಯುಗಾದಿ ಶುಭಾಶಯ ಬಂತಲ್ಲಮ್ಮ, ಆ ತೋರಣ ನೋಡಿ ಇವರಿಗೆ ತಡೆಯೋಕಾಗ್ಲಿಲ್ಲ. ಆವತ್ತೇ ಅದನ್ನ ಫೋನಿಗೆ ಹಾಕ್ಕೊಂಡ್ರು. ಹಳೇ ಆಫೀಸಿನೋರು, ನೆಂಟರು, ಬೀಗರು, ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು. ಈಗ ನಮ್ಮ ಬೀಗರಿಗೂ ವಧು ಬೇಕಾ ಅಂತ ದಿನಾ ಬತ್ತಾ ಇದೆಯಂತೆ. ನಿನ್ನೆ ಫೋನ್ ಮಾಡಿದ್ರು.”

ವೀರಭದ್ರಸ್ವಾಮಿ ಕಾಫಿ ಆರಿಸಿಕೊಳ್ಳುವುದರಲ್ಲಿ ಮಗ್ನರಾಗಿದ್ದರು. ಕಾಫಿಯ ಮೇಲೆ ಹೊಗೆಯೇ ಇರಲಿಲ್ಲ.

“ಸಾರ್,” ಎಂದಳು ಸುಕನ್ಯ ನಿಧಾನವಾಗಿ, “ನೀವು ಅದರ ಪುಟ ಓದ್ಲಿಲ್ವಾ?”

“ಹಬ್ಬದ ದಿನ, ತಾಯಿ. ಒಬ್ಬಟ್ಟು ಊಟ ಮಾಡಿದ್ದೆ. ಕಣ್ಣು ಎಳೀತಿತ್ತು.” ಲೋಟ ಕೆಳಗಿಟ್ಟು ಅವರೇ ಮುಂದುವರಿಸಿದರು. “ನಿಮಗೆ ಆ ಕಾಗದ ಬರೆದ ಮೇಲೆ ಗೊತ್ತಾಯ್ತು. ನನ್ನ ಹುಚ್ಚೆಳ್ಳು ವಿಳಾಸವನ್ನ ನೀವು ಕೊಟ್ಟಿದ್ದೋ, ನಾನೇ ಕೊಟ್ಟಿದ್ದೋ, ಈಗ ಹೇಳೋ ಹಾಗಿಲ್ಲ. ಅದು ನನ್ನ ಫೋನಲ್ಲೂ ಇತ್ತು, ಎರಡೂ ಒಂದೇ ದಿನ.”

ಸುಕನ್ಯಳಿಗೆ ಒಳಗೊಳಗೇ ಭಾರೀ ಖುಷಿಯಾಯಿತು. ಅಷ್ಟು ದೂರ ಬಂದದ್ದು ಸಾರ್ಥಕವಾಯಿತು ಎನ್ನಿಸಿತು. ಆದರೆ ಆ ಖುಷಿ ಕಾಫಿ ಮುಗಿಯುವವರೆಗೂ ಬಾಳಲಿಲ್ಲ. ಮೊದಲನೆಯ ತಪ್ಪು ಯಾರದ್ದಾದರೂ ಇರಲಿ, ಎರಡನೆಯದಕ್ಕೆ ಪಾಲುದಾರರು ಇರಲಿಲ್ಲ. ಅದು ಪೂರ್ತಿ ಅವಳದ್ದೇ, ಅವಳ ಸಹಿ ಸಮೇತ. ಅದನ್ನು ಹೇಳಿದಳು. ಹೇಳುವಾಗ ನಗು ಬಂತು. ಈ ಸಲ ತಡೆದುಕೊಳ್ಳಲಿಲ್ಲ. ಸ್ವಾಮಿಗಳ ಹೆಂಡತಿಯೂ ನಕ್ಕರು. ಸ್ವಾಮಿಗಳು ನಗಲು ಹೋಗಿ ಬೆನ್ನು ಹಿಡಿದುಕೊಂಡರು.

“ಇಷ್ಟು ವರ್ಷ ಅಂಚೆಯಲ್ಲಿದ್ದೆ,” ಎಂದರು ಅವರು. “ಒಂದು ಕಾಗದ ತಪ್ಪಿ ಬೇರೆ ಮನೆಗೆ ಹೋದ್ರೆ ಅದನ್ನ ವಾಪಸ್ ತರೋವರೆಗೂ ನಿದ್ದೆ ಬರ್ತಿರಲಿಲ್ಲ. ಇದನ್ನ ಎಲ್ಲಿಂದ ವಾಪಸ್ ತರೋದು ಹೇಳಿ. ಯಾರ ಮನೆ ಬಾಗಿಲು ತಟ್ಟೋದು?”

 ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಸುಕನ್ಯ ಪೊಟ್ಟಣಗಳನ್ನು ಕೊಟ್ಟು ಎದ್ದಾಗ ಸ್ವಾಮಿಗಳ ಹೆಂಡತಿ ಅವಳ ಚೀಲಕ್ಕೆ ಮನೆಯ ಹಿತ್ತಲಿನ ನಿಂಬೆಹಣ್ಣು ತುಂಬಿಸಿ ಕಳಿಸಿದರು.

ಒಂದಷ್ಟು ಗಿರಾಕಿಗಳು ಬಿಟ್ಟುಹೋದರು. ಅದನ್ನು ಸುಕನ್ಯ ಕಾಂತರಾಜನಿಗೆ ಮುಚ್ಚಿಡಲಿಲ್ಲ. ಬೆಳ್ಳುಳ್ಳಿ ಸಾಲದು ಎಂದಿದ್ದವರು ಮಾತ್ರ ಹೋಗಲಿಲ್ಲ. ಅವರು ಜಾಸ್ತಿ ಬೆಳ್ಳುಳ್ಳಿಯ ಪುಡಿಯನ್ನೇ ಬೇರೆ ಮಾಡಿಸಿಕೊಂಡು ತರಿಸುತ್ತಿದ್ದಾರೆ. ಪಿರಿಯಾಪಟ್ಟಣದವರ ಸೈಟುಗಳನ್ನು ಯಾರಾದರೂ ಕೊಂಡರೋ ಇಲ್ಲವೋ ತಿಳಿಯದು. ಸುಕನ್ಯಳ ಸ್ವಂತ ಇಮೇಲಿಗೂ ಈಗ ಬೋಳುತಲೆಯ ಔಷಧಿ ಬರುತ್ತದೆ. ಆದರೆ ಮೊದಲಿನ ಹಾಗೆ ಯಾರ ಮೇಲೂ ಅನುಮಾನ ಪಡುವುದಿಲ್ಲ. ಅನುಮಾನ ಪಟ್ಟರೆ ಎಲ್ಲಿಂದ ಶುರು ಮಾಡಬೇಕು ಎಂದು ಅವಳಿಗೆ ಗೊತ್ತು.

ಗೌಪ್ಯತೆಯ ಪುಟವನ್ನು ಹೊಸದಾಗಿ ಬರೆದುಕೊಡುತ್ತೇನೆ ಎಂದು ವೀರಭದ್ರಸ್ವಾಮಿ ತಾವಾಗಿ ಹೇಳಿಕಳಿಸಿದರು. ಬರೆದೂ ಕಳಿಸಿದರು. ಬಹಳ ಉದ್ದವಾಗಿತ್ತು. ಸುಕನ್ಯ ಜಗಲಿಯ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೂ ಓದಿದಳು. ಅಂಥದ್ದೊಂದನ್ನು ಪೂರ್ತಿ ಓದಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ನಡುವೆ ಒಂದು ಕಡೆ ತಡೆಯಿತು. ಮತ್ತೆ ಓದಿದಳು. ಅತ್ತೆಗೆ ಓದಿ ಹೇಳಿದಳು.

“ಯಾವ ಭಾಸೆವ್ವಾ ಅದು?” ಎಂದಳು ಚಿಕ್ಕಮಾದಮ್ಮ.

ಸುಕನ್ಯ ಸಾಲಿಗ್ರಾಮಕ್ಕೆ ಫೋನ್ ಮಾಡಿದಳು. “ಸಾರ್, ‘ಅನ್ವಯವಾಗುವ ಮಿತಿಗಳಿಗೆ ಒಳಪಟ್ಟು ಸಮಂಜಸ ಉದ್ದೇಶಗಳಿಗಾಗಿ’ ಅಂತ ಒಂದು ಕಡೆ ಬರೆದಿದ್ದೀರಿ. ಹಂಗಂದ್ರೆ ಏನು?”

ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

“ನನಗೂ ಸರಿಯಾಗಿ ಗೊತ್ತಿಲ್ಲ ತಾಯಿ. ಎಲ್ಲರ ಪುಟದಲ್ಲೂ ಇತ್ತು. ಇರಲಿ ಅಂತ ಹಾಕಿದೆ.”

“ತೆಗೆದುಬುಡ್ಲಾ?”

“ತೆಗೆದುಬಿಡಿ.”

ಅವಳು ತೆಗೆದಳು. ಅದರ ಮೇಲಿನದ್ದೂ ಕೆಳಗಿನದ್ದೂ ಅರ್ಥವಾಗದವೇ ಆಗಿದ್ದರಿಂದ ಅವನ್ನೂ ತೆಗೆದಳು. ಕೊನೆಗೆ ಪುಟದಲ್ಲಿ ಉಳಿದದ್ದು ಇಷ್ಟು: “ನಿಮ್ಮ ವಿಳಾಸವನ್ನು ನಾವು ಮಾರುವುದಿಲ್ಲ. ಆದರೆ ಒಮ್ಮೆ ಕಳೆದಿದ್ದೇವೆ, ಒಮ್ಮೆ ಹಂಚಿದ್ದೇವೆ. ಭಯವಿದ್ದವರು ಫೋನ್ ಮಾಡಿ ಆರ್ಡರ್ ಹೇಳಿ, ಪುಡಿ ಕಳಿಸುತ್ತೇವೆ.” ಅದನ್ನು ನೋಡಿ ಕಿರಣ್‌ಕುಮಾರ್, ಇಂಥದ್ದನ್ನು ಯಾವ ಕಂಪನಿಯೂ ಬರೆಯುವುದಿಲ್ಲ ಚಿಕ್ಕಮ್ಮ ಎಂದ. ಸುಕನ್ಯ ಪೊಟ್ಟಣದ ಬಾಯಿಗೆ ಮೇಣದಬತ್ತಿಯ ಉರಿ ತಾಗಿಸಿ ಅಂಟಿಸುತ್ತಿದ್ದಳು. ಫೋನ್ ಬಡಿದುಕೊಂಡಿತು. ಭಯವಿದ್ದವರು ಯಾರೋ ಆರ್ಡರ್ ಹೇಳಲು ಮಾಡಿದ್ದರು.